ವಾಪಸು ಬಂದವನು

"ಇನ್ನೊಂದ್ಸಲ ಬೆರಳು ಮಡಚಿ," ಎಂದರು ಡಾಕ್ಟರು.

ಲವೆಲ್ ಪ್ರೂಡೋಮ್ ಬಲಗಾಲಿನ ಬೆರಳುಗಳನ್ನು ಮಡಚಿದ. ಮೇಜಿನ ಮೇಲೆ ಹಾಸಿದ್ದ ಕಾಗದ ಅವನ ತೊಡೆಯಡಿ ಚರಚರ ಎಂದಿತು. ಡಾಕ್ಟರು ಪರದೆಯ ಮೇಲಿನ ಚಿತ್ರ ನೋಡಿದರು, ಅವನ ಪಾದ ನೋಡಿದರು, ಮತ್ತೆ ಚಿತ್ರ ನೋಡಿದರು. "ಬಂದೆ" ಎಂದು ಹೊರಗೆ ಹೋದವರು ಬಾಗಿಲನ್ನು ಎಳೆದುಕೊಂಡರು. ಬಾಗಿಲಾಚೆ ಅವರು ಫೋನಿನಲ್ಲಿ ಯಾರೊಡನೆಯೋ ತಗ್ಗಿದ ದನಿಯಲ್ಲಿ ಮಾತನಾಡುವುದು ಕೇಳಿಸಿತು. ಮಾತು ತಿಳಿಯಲಿಲ್ಲ. ಆದರೆ ಇಷ್ಟು ವರ್ಷ ಆಟವಾಡಿದವನಿಗೆ ಆ ದನಿ ಸಾಕಾಗಿತ್ತು.

ಹಿಂದಿನ ದಿನವಷ್ಟೇ ಮಿಲ್ವಾಕೀಯ ಅಮೆರಿಕನ್ ಫುಟ್‌ಬಾಲ್ ತಂಡ ಅವನನ್ನು ಸ್ಯಾನ್ ಆಂಟೋನಿಯೋ ತಂಡಕ್ಕೆ ಕೊಟ್ಟಿತ್ತು. ಪ್ರತಿಯಾಗಿ ಅದಕ್ಕೆ ಸಿಗಬೇಕಾಗಿದ್ದದ್ದು, ಬರುವ ವಸಂತದಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ ಹೆಚ್ಚಿನ ಒಂದು ಸರದಿ. ಅಂದರೆ ಇನ್ನೂ ಯಾರೆಂದೇ ಗೊತ್ತಿಲ್ಲದ ಹುಡುಗನೊಬ್ಬನಿಗೆ ಬದಲಾಗಿ ಇವನು. ಸುದ್ದಿ ಕೇಳಿ ಲವೆಲ್‌ಗೆ ಎದೆಯಲ್ಲಿ ಚುಳ್ಳೆಂದಿತ್ತು. ಅಷ್ಟರಲ್ಲಿ ಸ್ಯಾನ್ ಆಂಟೋನಿಯೋ ಕೋಚ್ ಬರ್ಡೆಟ್ ಖುದ್ದಾಗಿ ಫೋನ್ ಮಾಡಿ, "ನಿನ್ನಂಥ ರಿಸೀವರ್‌ಗೆ ಎಷ್ಟು ದಿನದಿಂದ ಕಾದಿದೀನಿ ಗೊತ್ತೇನಯ್ಯಾ? ವಿಮಾನ ಹತ್ತಿ ಬಂದ್ಬಿಡು," ಎಂದಿದ್ದರು. ಮೂವತ್ತು ದಾಟಿದ ಆಟಗಾರನಿಗೆ ಯಾರೂ ಹಾಗೆಲ್ಲ ಹೇಳುವುದಿಲ್ಲ. ಲವೆಲ್ ವಿಮಾನದಲ್ಲಿ ಕಿಟಕಿಗೆ ಮುಖ ಮಾಡಿ ಒಬ್ಬನೇ ನಕ್ಕಿದ್ದ.

ಡಾಕ್ಟರು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಪಾದದ ಮೂಳೇಲಿ ಕೂದಲೆಳೆಯಷ್ಟು ಬಿರುಕಿದೆ. ಹಳೇದು, ವಾಸಿಯಾಗಿದೆ ಅಂತಾರೆ ಮಿಲ್ವಾಕೀಯವರು. ಇರಬಹುದು. ಆದ್ರೆ ಅದರ ಕೆಳಗೆ ನಾನು ರುಜು ಹಾಕಲಾರೆ. ಕ್ಷಮಿಸಿ."

"ಅಂದ್ರೆ?"

"ಅಂದ್ರೆ ವಿನಿಮಯ ರದ್ದಾಯ್ತು. ನೀವು ಮತ್ತೆ ಅವರ ಆಟಗಾರ."

ಕೋಚ್ ಬರ್ಡೆಟ್ ಬೀಳ್ಕೊಡಲು ಬರಲಿಲ್ಲ. ವಿಮಾನ ನಿಲ್ದಾಣಕ್ಕೆ ಬಿಡಲು ಕಾರೊಂದನ್ನು ಕಳಿಸಿದ್ದರು. ದಾರಿಯಲ್ಲಿ ಲವೆಲ್ ಹೆಂಡತಿಗೆ ಫೋನ್ ಮಾಡಿದ. ರೆನೀಟ ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದ್ರೆ ಪಾತ್ರೆ ಕಟ್ಟೋದು ನಿಲ್ಲಿಸ್ತೀನಿ," ಎಂದಳು. ಆಮೇಲೆ, "ಹೋಗ್ಲಿ ಬಿಡು, ಮನೆಗೆ ತಾನೇ ಬರ್ತಿರೋದು. ಇಲ್ಲೇನು ನಿನ್ನ ವೈರಿಗಳಿದಾರಾ?" ಎಂದಳು.

ಲವೆಲ್ ಫೋನ್ ಇಟ್ಟ. ಅವನ ತಲೆ ತುಂಬ ಒಂದೇ ಚಿಂತೆ. ಅದು ಪಾದದ ಬಿರುಕಿನದಲ್ಲ, ಹಿಂದಿನ ರಾತ್ರಿ ಊಟದಲ್ಲಿ ಆಡಿದ ಮಾತಿನದು.

ಬರ್ಡೆಟ್ ಅವನನ್ನು ಊರಿನ ಹೆಸರಾಂತ ಮಾಂಸದ ಹೋಟೆಲಿಗೆ ಕರೆದೊಯ್ದಿದ್ದರು. ಜೊತೆಗೆ ಇಬ್ಬರು ಸಹಾಯಕ ಕೋಚ್‌ಗಳಿದ್ದರು. ಹೊಗೆಯಲ್ಲಿ ಬೆಂದ ದನದ ಎದೆಮಾಂಸವನ್ನು ಕೋಚ್ ತಾವೇ ಕೊಯ್ದು ಇವನ ತಟ್ಟೆಗೆ ಬಡಿಸಿದರು. ಮಿಲ್ವಾಕೀ ವಿರುದ್ಧ ಇವರ ಆಟ ಮೂರು ವಾರಗಳಲ್ಲೇ ಇತ್ತು. ಹಾಗಾಗಿ ಮಾತು ಅಲ್ಲಿಗೆ ಬಂದೇ ಬಂತು. ಮೈದಾನದಲ್ಲಿ ಮಿಲ್ವಾಕೀಯವರು ಮಾಡುವ ಸನ್ನೆಗಳ ಅರ್ಥವೇನು? ಕಿವಿ ಮುಟ್ಟಿಕೊಂಡರೆ ಯಾವ ಓಟ, ಮೊಣಕಾಲು ತಟ್ಟಿದರೆ ಯಾವುದು? ತಂಡ ಬದಲಾಯಿಸಿದ ಪ್ರತಿಯೊಬ್ಬನನ್ನೂ ಕೇಳುವ ಪ್ರಶ್ನೆಗಳಿವು. ಪ್ರತಿಯೊಬ್ಬನೂ ಹೇಳುತ್ತಾನೆ. ಲವೆಲ್ ಕೂಡ ಹೇಳಿದ. ಮೂವರೂ ತಿನ್ನುವುದನ್ನು ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದರು. ಅಷ್ಟು ಗಮನವಿಟ್ಟು ಅವನ ಮಾತನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಹೇಳುವುದೆಲ್ಲ ಮುಗಿದಾಗ ಅವರು ಮತ್ತೆ ಫೋರ್ಕು ಎತ್ತಿಕೊಂಡರು. ಆಗ ಲವೆಲ್, ಯಾರೂ ಕೇಳದಿದ್ದರೂ, "ಇನ್ನೊಂದು ವಿಷಯ ಇದೆ," ಎಂದಿದ್ದ.

ಗ್ರೇಡಿ ಹಾಲ್ವರ್ಸನ್‌ನ ಬಲಗೈಯ ಕೊನೆಯ ಎರಡು ಬೆರಳುಗಳಿಗೆ ಸ್ಪರ್ಶವಿಲ್ಲ ಎಂಬುದೇ ಆ ವಿಷಯ. ಗ್ರೇಡಿ ಮಿಲ್ವಾಕೀಯ ಕ್ವಾರ್ಟರ್‌ಬ್ಯಾಕ್. ಅವನು ಎಸೆಯುತ್ತಾನೆ, ಲವೆಲ್ ಓಡಿ ಹಿಡಿಯುತ್ತಾನೆ. ಆರು ವರ್ಷಗಳಿಂದ ಹಾಗೆ. ಕಳೆದ ವರ್ಷ ಕುತ್ತಿಗೆಗೆ ಬಿದ್ದ ಹೊಡೆತದಿಂದ ಬೆರಳು ಮರಗಟ್ಟಿದ್ದು ಅವನ ಹೆಂಡತಿಯನ್ನು ಬಿಟ್ಟರೆ ಲವೆಲ್‌ಗೆ ಮಾತ್ರ ಗೊತ್ತಿತ್ತು. ತಂಡದ ಡಾಕ್ಟರಿಗೂ ತಿಳಿದಿರಲಿಲ್ಲ. ಬೇಸಿಗೆಯಲ್ಲಿ ಖಾಲಿ ಶಾಲಾ ಮೈದಾನವೊಂದರಲ್ಲಿ ಇಬ್ಬರೇ ಅಭ್ಯಾಸ ಮಾಡುವಾಗ ಗ್ರೇಡಿ ಹೇಳಿದ್ದ. ಚೆಂಡನ್ನು ಮೂರೇ ಬೆರಳಲ್ಲಿ ಹಿಡಿದು ಎಸೆಯುವುದನ್ನು ಅವನು ಅಲ್ಲೇ ಕಲಿತ. ಅದನ್ನು ಹಿಡಿಯುವುದನ್ನು ಇವನು ಕಲಿತ.

"ಆ ಕೈಗೆ ಏಟು ಬಿದ್ರೆ ಚೆಂಡು ನಿಲ್ಲೋದಿಲ್ಲ," ಎಂದ ಲವೆಲ್. ಬರ್ಡೆಟ್ ಅವನಿಗೆ ಇನ್ನೊಂದು ತುಂಡು ಮಾಂಸ ಬಡಿಸಿದರು.

ಮಿಲ್ವಾಕೀಯಲ್ಲಿ ವಿಮಾನ ಇಳಿದು ಹೊರಗೆ ಬಂದರೆ ಗ್ರೇಡಿ ತನ್ನ ಹಳೇ ಪಿಕಪ್ ಗಾಡಿಗೆ ಒರಗಿ ನಿಂತಿದ್ದ. ಆರಡಿ ಮೀರಿದ ಆಳು, ನಾರ್ತ್ ಡಕೋಟದ ಗೋಧಿ ಸೀಮೆಯವನು. ಸಂತೋಷವಾದರೆ ಅವನ ಕಿವಿ ಕೆಂಪಾಗುತ್ತಿತ್ತು. ಈಗ ಕೆಂಪಾಗಿತ್ತು.

"ಏನಪ್ಪಾ, ಕೊಂಡವ್ರು ಸಾಮಾನು ವಾಪಸು ಕೊಟ್ರಾ? ರಸೀತಿ ಇದೆಯಾ?" ಎಂದು ಅವನನ್ನು ಬಾಚಿ ತಬ್ಬಿಕೊಂಡ. "ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಕಣೋ ವೆಲ್. ನಿನ್ನ ಬಿಟ್ಟು ಯಾರಿಗೆ ಎಸೀಲಿ ಅಂತ."

ಲವೆಲ್ ಅವನ ಬೆನ್ನು ತಟ್ಟಿದ. ಆಗಲೇ ಹೇಳಬಹುದಿತ್ತು. ಗಾಡಿಯಲ್ಲಾದರೂ ಹೇಳಬಹುದಿತ್ತು. ಆದರೆ ದಾರಿಯುದ್ದಕ್ಕೂ ಗ್ರೇಡಿಯೇ ಮಾತಾಡಿದ, ಇವನು ಹೂಂಗುಟ್ಟಿದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನ ಕಪಾಟಿನ ಮುಂದೆ ಬೇರೊಬ್ಬನಿದ್ದ. ಜೆರೋಮ್ ವಿಕರ್ಸ್ ಎಂಬ ರಿಸೀವರ್. ಬೇಸಿಗೆಯಿಂದ ಯಾವ ತಂಡವೂ ಕರೆಯದೆ ಮನೆಯಲ್ಲಿ ಕೂತಿದ್ದವನನ್ನು ಲವೆಲ್ ಹೋದ ದಿನವೇ ಒಪ್ಪಂದ ಮಾಡಿ ಕರೆಸಿದ್ದರು. ಲವೆಲ್ ವಾಪಸಾದದ್ದರಿಂದ ಅವನಿಗೆ ಜಾಗವಿರಲಿಲ್ಲ. ಅವನು ಬೂಟುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ನಿಂದೇನು ತಪ್ಪಿಲ್ಲ ಬಿಡಣ್ಣ," ಎಂದ ವಿಕರ್ಸ್, ಇವನ ಮುಖ ನೋಡಿ. "ಹ್ಯಾಂಗರ್‌ಗಳು ನಿಂದೇ ಇದ್ವು. ಹಾಗೇ ಇಟ್ಟಿದೀನಿ."

ಮಧ್ಯಾಹ್ನದ ಸಭೆಯಲ್ಲಿ ಕೋಚ್ ಸ್ಟಾಂಕೋ ಎಲ್ಲರೆದುರು ಇವನನ್ನು ಎಬ್ಬಿಸಿ ನಿಲ್ಲಿಸಿದರು. "ನಿನ್ನ ವಿಮಾನ ನೆಲ ಬಿಡೋಕೆ ಮುಂಚೆ ಎಲ್ಲಾ ಸನ್ನೆಗಳನ್ನೂ ಬದಲಾಯಿಸ್ಬಿಟ್ವಿ. ಈಗ ಹೊಸದಾಗಿ ಕಲಿ. ಅದ್ಸರಿ, ಅಲ್ಲಿ ನಮ್ಮ ಗುಟ್ಟೆಲ್ಲ ಎಷ್ಟು ಹಾಡಿದೆ ಹೇಳು?"

ಕೋಣೆಯೆಲ್ಲ ನಕ್ಕಿತು. "ಪೂರ್ತಿ ಸಂಗೀತ ಕಚೇರಿನೇ ಕೊಟ್ಟಿರ್ತಾನೆ ಕೋಚ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಯಾರಿಗೂ ಸಿಟ್ಟಿರಲಿಲ್ಲ. ಹೋದವನು ಬಾಯಿ ಬಿಡುತ್ತಾನೆ ಎಂದು ಎಲ್ಲರೂ ಎಣಿಸಿದ್ದರು, ಅದಕ್ಕೆ ತಕ್ಕ ವ್ಯವಸ್ಥೆಯನ್ನೂ ಮಾಡಿಕೊಂಡಿದ್ದರು. ಲವೆಲ್ ಕೂಡ ನಕ್ಕ. ಗ್ರೇಡಿಯೊಬ್ಬನೇ ತಲೆಯಾಡಿಸಿ, "ಇವನಾ? ಇವನು ಊಟಕ್ಕೆ ಬಿಟ್ರೆ ಬೇರೆ ಯಾವುದಕ್ಕೂ ಬಾಯಿ ತೆಗೆಯೋನಲ್ಲ," ಎಂದ. ಕೂರುವಾಗ ಲವೆಲ್‌ನ ಕಿವಿಯಿಂದ ಕತ್ತಿನವರೆಗೆ ಬಿಸಿಯಾಗಿತ್ತು.

ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಗ್ರೇಡಿ ಮೂರು ಬೆರಳಲ್ಲಿ ಎಸೆದ, ಲವೆಲ್ ಹಿಡಿದ. ಎರಡು ಆಟಗಳನ್ನು ಗೆದ್ದರು. ಬರ್ಡೆಟ್ ಮರೆತಿರಬಹುದು ಎಂದು ಲವೆಲ್ ತನಗೆ ತಾನೇ ಹೇಳಿಕೊಂಡ. ಅಂಥದ್ದನ್ನು ಯಾವ ಕೋಚೂ ಮರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ರೆನೀಟಳಿಗೆ ಹೇಳಿದ. ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು.

"ಅವರು ಕೇಳಿದ್ರಾ?"

"ಇಲ್ಲ."

"ಏನಾದ್ರೂ ಕೊಡ್ತೀವಿ ಅಂದ್ರಾ?"

"ಇಲ್ಲ. ನಾನಾಗೇ ಹೇಳ್ದೆ."

"ನನಗ್ಯಾಕೆ ಹೇಳ್ತಿದೀಯ ಲವೆಲ್? ಬೆರಳು ನನ್ನದಲ್ಲ," ಎಂದಳು.

ಅವನು ಕೋಟು ಹಾಕಿಕೊಂಡು ನೇರ ಗ್ರೇಡಿಯ ಮನೆಗೆ ಹೋದ. ಗ್ರೇಡಿ ಬಾಗಿಲ ಬಳಿ ಮಂಡಿಯೂರಿ, ಶಾಲೆಗೆ ಹೊರಟ ಮಗಳು ಇಂಗ್ರಿಡ್‌ಳ ಕೋಟಿನ ಗುಂಡಿಗಳೊಡನೆ ಹೆಣಗುತ್ತಿದ್ದ. ಗುಂಡಿಗಳು ಬಟಾಣಿಯಷ್ಟು ಚಿಕ್ಕವು. ಹುಡುಗಿ ಮೇಲಕ್ಕೆ ನೋಡುತ್ತ ನಿಟ್ಟುಸಿರಿಟ್ಟಳು.

"ಬೇಗ ಅಪ್ಪಾ. ಅಮ್ಮ ಆದ್ರೆ ಇಷ್ಟೊತ್ತಿಗೆ ಆಗ್ತಿತ್ತು."

"ಸರಿಯಾದ ಸಮಯಕ್ಕೆ ಬಂದೆ ನೋಡು," ಎಂದ ಗ್ರೇಡಿ ಲವೆಲ್‌ನತ್ತ ತಿರುಗಿ. "ಇದನ್ನ ಸ್ವಲ್ಪ ಹಾಕೋ ಮಾರಾಯ."

ಲವೆಲ್ ಕೂತು ಒಂದೊಂದೇ ಗುಂಡಿ ಹಾಕಿದ. ಹುಡುಗಿ ಶಾಲೆಯ ಬಸ್ಸಿನತ್ತ ಓಡಿದಳು. ಅವನು ಕೂತಲ್ಲಿಂದ ಏಳಲಿಲ್ಲ.

"ನಿನ್ನ ಕೈ ವಿಷಯ ಬರ್ಡೆಟ್‌ಗೆ ಹೇಳ್ಬಿಟ್ಟೆ," ಎಂದ.

ಗ್ರೇಡಿ ತೆರೆದ ಬಾಗಿಲಿನಿಂದ ಬಸ್ಸನ್ನು ನೋಡುತ್ತಿದ್ದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅತ್ತಲೇ ನೋಡುತ್ತಿದ್ದ.

"ಯಾವಾಗ?"

"ಅಲ್ಲಿಗೆ ಹೋದ ದಿನ ರಾತ್ರಿನೇ. ಊಟಕ್ಕೆ ಕೂತಾಗ. ಅವರು ಕೇಳಿರ್ಲಿಲ್ಲ. ನಾನು... ಅವರಿಗೆ ನಾನು ಬೇಕಾದವನು ಅನ್ನಿಸ್ತು, ಗ್ರೇಡಿ. ಇನ್ನೂ ಸ್ವಲ್ಪ ಬೇಕಾಗ್ಬೇಕು ಅನ್ನಿಸ್ತು. ಅಷ್ಟೇ."

ಗ್ರೇಡಿ ಬೈಯಲಿ ಎಂದು ಲವೆಲ್ ಕಾದ.

"ಸನ್ನೆ ಎಲ್ಲಾ ಬದಲಾಯಿಸ್ಬೇಕು ಅಂತ ಕೋಚ್ ಅಂದಾಗ ನಾನು ಹೂಂ ಅಂದೆ," ಎಂದ ಗ್ರೇಡಿ. "ಈ ಕೈಯೊಂದನ್ನ ಬದಲಾಯಿಸೋಕೆ ಆಗೋ ಹಾಗಿರ್ಲಿಲ್ಲ. ಬದಲಾಯಿಸ್ಬೇಕು ಅಂತ ಅನ್ನಿಸ್ಲೂ ಇಲ್ಲ."

"ಡಾಕ್ಟರಿಗೆ ಹೇಳ್ಬಿಡು. ಆ ಒಂದು ಆಟ ಬಿಟ್ಟುಬಿಡು."

"ಹೇಳಿದ್ರೆ ಒಂದು ಆಟ ಅಲ್ಲ, ಎಲ್ಲಾ ಆಟನೂ ಬಿಟ್ಟ ಹಾಗೆ." ಗ್ರೇಡಿ ಬಾಗಿಲು ಮುಚ್ಚಲು ಹಿಡಿಯ ಮೇಲೆ ಕೈಯಿಟ್ಟ. "ಚಳಿ ಒಳಗೆ ಬರ್ತಿದೆ. ಭಾನುವಾರ ಸಿಗೋಣ."

ಲವೆಲ್ ಹೊರಗೆ ಬಂದ ಮೇಲೆ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ಭಾನುವಾರ, ಸ್ಯಾನ್ ಆಂಟೋನಿಯೋ ವಿರುದ್ಧದ ಆಟದ ದಿನ, ಊರಂಚಿನ ಸರೋವರದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿತ್ತು. ಮೊದಲ ಎಸೆತಕ್ಕೇ ಗೊತ್ತಾಯಿತು. ಸ್ಯಾನ್ ಆಂಟೋನಿಯೋದ ಆಟಗಾರರು ಗ್ರೇಡಿಯ ಮೈಮೇಲೆ ಬೀಳಲಿಲ್ಲ. ಓಡಿ ಬಂದು ಅವನ ಬಲಗೈಯನ್ನು ಹೊಡೆದರು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ನಿಯಮದ ಒಳಗೇ ಇತ್ತು, ರೆಫರಿ ತಪ್ಪು ಎನ್ನಲಿಲ್ಲ. ಗ್ರೇಡಿ ಎದ್ದು ಕೈ ಕೊಡವಿ ಮತ್ತೆ ನಿಲ್ಲುತ್ತಿದ್ದ. ಇನ್ನು ನನ್ನ ಕಡೆಗೆ ಎಸೆಯಲಾರ ಎಂದು ಲವೆಲ್ ಎಣಿಸಿದ್ದ. ಅವನು ಎಂದಿನಂತೆಯೇ ಎಸೆದ. ಇವನು ತಿರುಗುವ ಜಾಗಕ್ಕೆ, ಎದೆಯೆತ್ತರಕ್ಕೆ, ಚೆಂಡು ಬಂದು ಕೂರುತ್ತಿತ್ತು. ಪ್ರತಿ ಸಲ ಹಿಡಿದಾಗಲೂ ಕೂತ ಜನ ಇವನ ಹೆಸರು ಕೂಗಿದರು. ಲವೆಲ್‌ಗೆ ಆ ಕೂಗು ಎಲ್ಲಿಂದಲೋ ಬೇರೆ ಯಾರಿಗೋ ಎಂಬಂತೆ ಕೇಳಿಸಿತು.

ಆಟ ಮುಗಿಯುತ್ತ ಬಂದಾಗ, ಇನ್ನೊಂದೇ ಎಸೆತಕ್ಕೆ ಗೆಲ್ಲಬಹುದಾದಷ್ಟು ಹತ್ತಿರದಲ್ಲಿ, ಗ್ರೇಡಿ ಕೈ ಎತ್ತಿದ್ದನ್ನು ಲವೆಲ್ ಓಡುತ್ತಲೇ ಕಂಡ. ಹಿಂದಿನಿಂದ ಒಬ್ಬನ ಅಂಗೈ ಆ ಬೆರಳುಗಳ ಮೇಲೆ ಬಿತ್ತು. ಚೆಂಡು ಹಣ್ಣು ಉದುರಿದ ಹಾಗೆ ಉದುರಿತು. ಎದುರಾಳಿ ಅದನ್ನೆತ್ತಿಕೊಂಡು ಇನ್ನೊಂದು ತುದಿಯವರೆಗೆ ಓಡಿ ಅಂಕ ಗಳಿಸಿದ. ಗ್ರೇಡಿ ಮಂಡಿಯೂರಿ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ. ತಂಡದ ಡಾಕ್ಟರು ಓಡಿ ಬಂದು ಏನೋ ಕೇಳಿದರು. ಅವನು ಈ ಸಲ ನಿಜ ಹೇಳಿರಬೇಕು, ಡಾಕ್ಟರು ತಲೆಯೆತ್ತಿ ಕೋಚ್ ಸ್ಟಾಂಕೋ ಕಡೆ ನೋಡಿದರು. ಉಳಿದ ಹೊತ್ತು ಇನ್ನೊಬ್ಬ ಎಸೆದ.

ಸೋತ ಮೇಲೆ ಎರಡೂ ತಂಡಗಳು ಮೈದಾನದ ನಡುವೆ ಕೈಕುಲುಕಲು ಸೇರಿದವು. ಗ್ರೇಡಿ ಹೆಗಲ ಮೇಲೆ ಕೋಟು ಹೊದ್ದು ಬಂದ. ಬರ್ಡೆಟ್ ಅವನ ಬಳಿಗೆ ನಡೆದು, ಟೋಪಿ ತೆಗೆದು, ಮರ್ಯಾದೆಯಿಂದ ಎಡಗೈ ಚಾಚಿದರು.

ಗ್ರೇಡಿ ಆ ಎಡಗೈಯನ್ನು ನೋಡಿದ. ಪಕ್ಕದಲ್ಲಿದ್ದ ಕೋಚ್ ಸ್ಟಾಂಕೋ ಕೂಡ ನೋಡಿದರು, ಹಿಂದಿದ್ದ ಹುಡುಗರೂ ನೋಡಿದರು. ತಮ್ಮ ಡಾಕ್ಟರಿಗೂ ಈಗಷ್ಟೇ ತಿಳಿದದ್ದು ಬರ್ಡೆಟ್‌ಗೆ ಮೊದಲೇ ಗೊತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ಲವೆಲ್‌ನತ್ತ ತಿರುಗಿದರು. ಗ್ರೇಡಿ ಮಾತ್ರ ತಿರುಗಲಿಲ್ಲ. ಕೋಟಿನೊಳಗಿಂದ ಬಲಗೈ ತೆಗೆದು ಮುಂದೆ ಚಾಚಿದ. ಬರ್ಡೆಟ್ ಕೈ ಬದಲಾಯಿಸಿ, ಒಡೆದ ವಸ್ತುವನ್ನು ಮುಟ್ಟುವಂತೆ ಅದನ್ನು ಮುಟ್ಟಿದರು. ಹೋಗುವಾಗ ಲವೆಲ್‌ನ ಭುಜ ತಟ್ಟಿ, "ಪಾದ ಹೇಗಿದೆಯಪ್ಪಾ?" ಎಂದರು.

ತಂಡದವರು ಒಳಗೆ ಹೋದರು. ಯಾರೂ ಇವನನ್ನು ಕರೆಯಲಿಲ್ಲ, ಯಾರೂ ಬೈಯಲೂ ಇಲ್ಲ. ಲವೆಲ್ ನಿಂತಲ್ಲೇ ನಿಂತಿದ್ದ. ಮೆಟ್ಟಿಲುಗಳಲ್ಲಿ ಜನ ಕರಗಿದರು, ದೀಪದ ಬೆಳಕಿನಲ್ಲಿ ಸಣ್ಣಗೆ ಹಿಮ ಉದುರತೊಡಗಿತು. ಮೈದಾನದ ಕೆಲಸಗಾರರು ದೊಡ್ಡ ತಾಡಪಾಲನ್ನು ಉರುಳಿಸಿ ತಂದು, ಹುಲ್ಲಿನ ಮೇಲೆ ಎಳೆಯುತ್ತ ಅವನಿದ್ದಲ್ಲಿಗೆ ಬಂದು ನಿಂತರು.

"ಸ್ವಲ್ಪ ಸರೀತೀರಾ ಸಾರ್? ಮುಚ್ಚಬೇಕಿತ್ತು," ಎಂದಳು ಮುಂದಿದ್ದ ಹೆಂಗಸು.

ಅವನು ಸರಿದ. ಗಾಳಿಗೆ ತಾಡಪಾಲಿನ ಒಂದು ಮೂಲೆ ಕೈತಪ್ಪಿ ಪಟಪಟ ಹೊಡೆದುಕೊಳ್ಳತೊಡಗಿತು. ಲವೆಲ್ ಬಗ್ಗಿ ಅದನ್ನು ಹಿಡಿದುಕೊಂಡ. ಹೆಂಗಸು ಅವನ ಅಂಗಿಯ ಮೇಲಿನ ಹೆಸರು ಓದಿದಳು, ಎಳೆಯಿರಿ ಎಂದು ಕೈಮಾಡಿದಳು. ಅವರೆಲ್ಲ ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆದರು, ಅವನೂ ಎಳೆದ. ಮೈದಾನದ ಬಿಳಿ ಗೆರೆಗಳು ಒಂದಾದ ಮೇಲೊಂದು ಅದರಡಿಗೆ ಹೋದವು.