ಒರೆಸಿದ ಕೀಲು

ಗುರುಲಿಂಗಪ್ಪ ಎಡಗೈಯಲ್ಲಿ ಧೋತರದ ಚುಂಗು ಹಿಡಿದು ಬಗ್ಗಿ, ಜೀಪಿನ ಮುಂದಿನ ಗಾಲಿಯ ಹಿಂದೆ ತೋರುಬೆರಳು ತೂರಿಸಿದ. ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಮಾನು ಬಂದು ಚಾಸಿಗೆ ಸೇರುವ ಕೀಲನ್ನು ಸುತ್ತ ಸವರಿ ಬೆರಳನ್ನು ಹೊರಗೆ ತೆಗೆದ. ಬೆರಳು ತೊಳೆದಿಟ್ಟ ಹಾಗಿತ್ತು.

"ಏನೋ ಚಾಂದ್, ಗಾಡಿಗಿ ಉಪವಾಸ ಹಾಕೀಯೇನು?"

ಸುತ್ತ ನಿಂತಿದ್ದವರು ನಕ್ಕರು. ಶಹಾಬಾದಿನ ಖಣಿ ಮಾಲೀಕರು ವರ್ಷಕ್ಕೊಮ್ಮೆ ನಡೆಸುವ ಜೀಪು ರೇಸು ಅದು. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯ ಪಕ್ಕದ ಬಯಲನ್ನು ಸಮ ಮಾಡಿ, ಸುಣ್ಣದ ಗೆರೆ ಹಾಕಿದ್ದರು. ಆರು ಜೀಪು, ಹನ್ನೆರಡು ಸುತ್ತು. ಒಂದು ತಿರುವು ಖಣಿಯ ಅಂಚಿಗೇ ಹೋಗಿ ಬರುತ್ತಿತ್ತು. ಅದರ ಕೆಳಗೆ ನಲವತ್ತು ಅಡಿ ಆಳದಲ್ಲಿ ಹಸಿರು ನೀರು. ರಾಜ್ಯದ ಹೆಸರು ಕರ್ನಾಟಕವಾಗಿ ಮೂರು ವರ್ಷವಾಗಿದ್ದರೂ ಜೀಪುಗಳ ಪ್ಲೇಟಿನ ಮೇಲೆ ಇನ್ನೂ ಮೈಸೂರಿನ ಅಕ್ಷರಗಳೇ ಇದ್ದವು.

ರೇಸಿಗೆ ಮುಂಚೆ ಮಾಲೀಕರು ತಮ್ಮ ತಮ್ಮ ಗಾಡಿಗೆ ಬೆರಳಿಟ್ಟು ನೋಡುವುದು ಅಲ್ಲಿಯ ರೂಢಿ. ಬೆರಳು ಕಪ್ಪಾದರೆ ಗ್ರೀಸು ಬಿದ್ದಿದೆ, ಮಿಸ್ತ್ರಿ ಒಳ್ಳೆಯವನು. ಗುರುಲಿಂಗಪ್ಪನ ಮಿಸ್ತ್ರಿಯಾಗಿ ಇಪ್ಪತ್ತು ವರ್ಷ ದುಡಿದ ಮಜೀದಸಾಬ ಪ್ರತಿ ಕೀಲಿನ ಬಾಯಿಂದಲೂ ಗ್ರೀಸು ಉಕ್ಕಿಸಿ ಹಾಗೆಯೇ ಬಿಡುತ್ತಿದ್ದ. ಈಗ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಖಣಿಯ ಹತ್ತಿರದ ಅವನ ಶೆಡ್ಡು ಖಾಲಿಯಾಗುವುದಿತ್ತು. ತಗಡಿನ ಸೂರು, ಒಳಗೆ ಮನುಷ್ಯ ನಿಂತು ಕೆಲಸ ಮಾಡುವಷ್ಟು ಆಳದ, ಪರ್ಸಿ ಕಲ್ಲು ಹೊದಿಸಿದ ಕುಣಿ. ಚಾಂದ್ ಐದು ವರ್ಷದಿಂದ ವಾಡಿಯ ಸ್ಟೇಷನ್ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಅಂಗಾತ ಮಲಗಿಯೇ ಕೆಲಸ ಮಾಡುತ್ತಿದ್ದ. ಮಳೆಗಾಲದಲ್ಲಿ ಬೆನ್ನ ಕೆಳಗೆ ನೀರು ಹರಿಯುತ್ತಿತ್ತು. "ಹನ್ನೆರಡು ಸುತ್ತು ನನ್ನ ಜೀಪು ಚಕಾರ ಎತ್ತದೆ ಓಡಲಿ, ಶೆಡ್ಡು ನಿಂದು" ಎಂದು ಗುರುಲಿಂಗಪ್ಪ ಆರು ತಿಂಗಳ ಹಿಂದೆ ಜೀಪನ್ನು ಅವನ ಕೈಗೆ ಕೊಡುವಾಗ ಹೇಳಿದ್ದ.

"ಗ್ರೀಸ್ ಒಳಗ ಅದ ರಿ ಸಾವಕಾರ್ರ. ಹೊರಗಿಂದು ಒರಸೀನಿ" ಎಂದ ಚಾಂದ್. "ಹೊರಗ ಬಿಟ್ರ ಕಲ್ಲಿನ ಹಿಟ್ಟು ಬಂದು ಕುಂದರ್ತದ. ಆಮ್ಯಾಲ ಅದು ಗ್ರೀಸ್ ಅಲ್ಲ, ಅರ ಇದ್ದಂಗ. ತಿರುಗಿದಷ್ಟೂ ಕೀಲು ತಿಂತದ."

"ಇಪ್ಪತ್ತು ವರ್ಷ ನನ್ನ ಗಾಡಿ ಏನು ತಿಂದಾವಪ?"

"ವರ್ಷಕ್ಕ ಎರಡು ಸಲ ಶಾಕಲ್ ಬದಲ ಮಾಡ್ಸೀರಲ್ರಿ, ಅದನ್ನೇ ತಿಂದಾವ."

ಈ ಸಲ ನಗು ಗುರುಲಿಂಗಪ್ಪನ ಕಡೆ ತಿರುಗಿತು. ಸ್ವಲ್ಪ ದೂರದಲ್ಲಿ ಕಲ್ಲಿನ ಚಪ್ಪಡಿಯ ಮೇಲೆ ಕೂತಿದ್ದ ಮಜೀದಸಾಬ ಮಾತ್ರ ನಗಲಿಲ್ಲ. ಚಾಂದ್ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿತದ್ದು ಅವನ ಕೈಕೆಳಗೇ.

"ಒಳಗ ಅದ ಅಂತ ನಿನಗ ಹ್ಯಾಂಗ ಗೊತ್ತು ಬೇಟಾ?"

"ಹಾಕ್ದಾಂವ ನಾನೇ ಉಸ್ತಾದ್. ನನಗ ಗೊತ್ತಿರಂಗಿಲ್ಲೇನು? ಬೇಕಾದ್ರ ಬಿಚ್ಚಿ ತೋರಸ್ತೀನಿ. ಯಾವುದು ಬಿಚ್ಚಲಿ, ಸಾವಕಾರ್ರ?"

ಗುರುಲಿಂಗಪ್ಪ ತಾನು ಮುಟ್ಟಿದ್ದ ಕೀಲನ್ನೇ ತೋರಿಸಿದ.

ಚಾಂದ್ ಚಾಸಿಗೆ ಜಾಕ್ ಕೊಟ್ಟು ಕಮಾನಿನ ಮೇಲಿನ ಭಾರ ಇಳಿಸಿದ. ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿದ ಒಂದು ಕಬ್ಬಿಣ, ಅದರ ಎರಡು ಕಾಲಿಗೂ ಹಲ್ಲುಸುತ್ತಿನ ಒಂದೊಂದು ಬುಷ್; ಅದೇ ಶಾಕಲ್. ನಾಲ್ಕು ಕಮಾನಿಗೆ ನಾಲ್ಕು ಶಾಕಲ್, ಎಂಟು ಬುಷ್. ಗ್ರೀಸು ತುಂಬಲು ಪ್ರತಿ ಬುಷ್‌ನ ತಲೆಗೂ ಕಡಲೆಕಾಳಿನಷ್ಟು ನಿಪ್ಪಲ್. ಚಾಂದ್ ಪಾನಾ ಹಾಕಿ ತಿರುಗಿಸಿದ. ಬುಷ್ ಕೈಗೆ ಬಂದ ಕೂಡಲೇ, ಅದನ್ನು ನೋಡದೆ, ಗುರುಲಿಂಗಪ್ಪನ ಮುಖವನ್ನೇ ನೋಡುತ್ತ ಮುಂದೆ ಚಾಚಿದ. ಅಷ್ಟು ನಂಬಿಕೆ ಇತ್ತು ಅವನಿಗೆ.

ಎಲ್ಲರೂ ಬುಷ್ ಅನ್ನೇ ನೋಡಿದರು. ಆಮೇಲೆ ಅವನೂ ನೋಡಿದ. ಬುಷ್‌ನ ಒಳಗಿಂದ ತುಕ್ಕಿನ ಕೆಂಪು ಪುಡಿ ಅಂಗೈ ಮೇಲೆ ಉದುರಿತ್ತು. ಗ್ರೀಸಿನ ವಾಸನೆಯೂ ಇರಲಿಲ್ಲ. ಹಲ್ಲುಗಳು ಅರ್ಧ ಸವೆದಿದ್ದವು.

"ವಾಡಿ ಮಿಸ್ತ್ರಿ ಇದಕ್ಕ ಅರಿಷಿಣ ಕುಂಕುಮ ಹಚ್ಯಾನ" ಎಂದರು ಯಾರೋ. ಈಗಿನ ನಗು ಬೇಗ ನಿಲ್ಲಲಿಲ್ಲ.

ಮಜೀದಸಾಬ ಎದ್ದು ಬಂದು ಕೈ ಚಾಚಿದ. ಚಾಂದ್ ಬುಷ್ ಕೊಟ್ಟ. ಮುದುಕ ಅದನ್ನು ಕಣ್ಣಿನ ಹತ್ತಿರ ಒಯ್ಯಲಿಲ್ಲ. ನಿಪ್ಪಲಿನ ತುದಿಯನ್ನು ಉಗುರಿನಿಂದ ಕೆರೆದು, ಬಾಯಿಂದ ಊದಿ ನೋಡಿದ.

"ಗ್ರೀಸ್ ಗನ್ ಹೊಡೆಯೂಮುಂದ ಮೊದಲೇ ಬಟ್ಟಿ ಸುತ್ತಿದ್ದೇನು?"

"ಹ್ಞೂಂ."

"ನಿಪ್ಪಲ್ ಬಾಯಿ ಕಲ್ಲಿನ ಹಿಟ್ಟಿಲೆ ಕಟ್ಟಿತ್ತು. ಗ್ರೀಸ್ ಒಳಗ ಹೋಗಲಿಲ್ಲ, ಹೊಳ್ಳಿ ಬಂತು. ನೀ ಬಟ್ಟಿಲೆ ಒರಸ್ಕೊಂಡು ಹೋದಿ."

ಚಾಂದ್‌ಗೆ ಶುಕ್ರವಾರದ ಕೆಲಸ ನೆನಪಾಯಿತು. ಗನ್ನಿನ ಹಿಡಿ ಬಿಗಿಯಾಗಿ ಬಂದಿತ್ತು, ಬಟ್ಟೆಯಲ್ಲಿ ಗ್ರೀಸು ತುಂಬಿತ್ತು. ಕೀಲು ತುಂಬಿತು ಎಂದುಕೊಂಡು ಮುಂದಿನದಕ್ಕೆ ಹೋಗಿದ್ದ. ಒಂದು ಹನಿಯೂ ಹೊರಗೆ ಉಳಿಯಬಾರದೆಂಬ ಹಟದಲ್ಲಿ ಗ್ರೀಸು ಎಲ್ಲಿಂದ ಬರುತ್ತಿದೆ ಎಂದು ನೋಡಿರಲಿಲ್ಲ. ಉಳಿದ ಏಳಕ್ಕೂ ಹಾಗೆಯೇ ಮಾಡಿದ್ದ.

"ಆತು, ನಿಪ್ಪಲ್ ಬದಲಿ ಮಾಡು. ಗ್ರೀಸ್ ತುಂಬು, ಬಿಡು" ಎಂದ ಗುರುಲಿಂಗಪ್ಪ. "ಇನ್ನ ಅರ್ಧ ತಾಸು ಅದ."

"ಇನ್ನ ಏಳು ಅವ ರಿ. ಎಲ್ಲಾ ಬಿಚ್ಚಬೇಕು."

"ಅರ್ಧ ತಾಸಿನಾಗ ಆಗ್ತದೇನು?"

"ಆಗಂಗಿಲ್ರಿ."

"ಮತ್ತ?"

"ಈ ಗಾಡಿ ರೇಸಿಗಿ ನಿಲ್ಲಂಗಿಲ್ಲ ಸಾವಕಾರ್ರ."

ಗುರುಲಿಂಗಪ್ಪನ ದನಿ ತಗ್ಗಿತು. ಅವನಿಗೆ ಸಿಟ್ಟು ಬಂದಾಗ ಹಾಗೆಯೇ ಆಗುತ್ತಿತ್ತು. "ಊರ ಮುಂದ ನನ್ನ ಮಾನ ಹರಾಜಿಗಿ ಇಡ್ತೀಯೇನು? ಏನು ಮಾತಾಡ್ಲಿಕತ್ತೀ ಖಬರ್ ಅದ ಏನು? ಗಾಡಿ ಓಡಲಿಲ್ಲಂದ್ರ ಶೆಡ್ಡಿನ ಮಾತು ಇಲ್ಲಿಗಿ ಮುಗೀತು."

ಚಾಂದ್ ಖಣಿಯ ಅಂಚಿನ ತಿರುವನ್ನು ನೋಡಿದ. ಒಣಗಿದ ಶಾಕಲ್ ಬಿಗಿದು ಕೂತರೆ ಕಮಾನು ಬಗ್ಗುವುದಿಲ್ಲ, ಮುರಿಯುತ್ತದೆ. ಆಗ ಸ್ಟೇರಿಂಗು ಒಂದು ಕಡೆ, ಗಾಡಿ ಇನ್ನೊಂದು ಕಡೆ. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮುಗೀಲಿ ರಿ" ಎಂದು ಅವನು ಮತ್ತೆ ಜೀಪಿನ ಕೆಳಗೆ ಸರಿದು ಎರಡನೆಯ ಬುಷ್‌ಗೆ ಪಾನಾ ಹಾಕಿದ. "ತಪ್ಪು ನಂದೇ. ಆದ್ರ ಇದನ್ನ ನೋಡಿದ ಮ್ಯಾಲ ನಾ ಜಾಕ್ ಇಳಸಂಗಿಲ್ಲ."

ಗುರುಲಿಂಗಪ್ಪ ಡ್ರೈವರ್ ತಮ್ಮಣ್ಣನ ಕಡೆ ತಿರುಗಿದ. ಗಡ್ಡದ ತಮ್ಮಣ್ಣ ರೇಸಿಗೆಂದು ತಲೆಗೆ ಕೆಂಪು ವಸ್ತ್ರ ಬಿಗಿದುಕೊಂಡು ತಯಾರಾಗಿದ್ದ.

"ನನಗ್ಯಾಕ ನೋಡ್ತೀರಿ ಧಣಿ? ಮ್ಯಾಲ ಕುಂದ್ರಾಂವ ನಾನು. ನನಗ ಈಜು ಬರಂಗಿಲ್ಲ" ಎಂದು ಅವನು ವಸ್ತ್ರ ಬಿಚ್ಚಿ ನೆಲಕ್ಕೆ ಹಾಸಿ, ಇನ್ನೊಂದು ಕಡೆಯಿಂದ ಜೀಪಿನ ಕೆಳಗೆ ತೂರಿಕೊಂಡ.

ಗುರುಲಿಂಗಪ್ಪ ಪೆಂಡಾಲಿನ ಕಡೆ ನಡೆದುಬಿಟ್ಟ.

ಸೀಟಿ ಊದಿ ಐದು ಜೀಪುಗಳು ಹೊರಟಾಗ ಚಾಂದ್ ನಾಲ್ಕನೆಯ ಬುಷ್ ಬಿಚ್ಚುತ್ತಿದ್ದ. ಎರಡನೆಯದೂ ಮೂರನೆಯದೂ ಸರಿಯಾಗಿದ್ದವು. ಒಳಗೆ ಬೆಲ್ಲದ ಪಾಕದ ಬಣ್ಣದ ಗ್ರೀಸು, ಒಂದು ಕಣ ಹಿಟ್ಟಿಲ್ಲ, ಹಲ್ಲುಗಳು ಹೊಸದರ ಹಾಗೆ. ಮಜೀದಸಾಬ ಅವನ್ನು ಬೆರಳಲ್ಲಿ ತಿಕ್ಕಿ ನೋಡಿ, "ಒರಸೂದು ತಪ್ಪಲ್ಲ" ಎಂದ. "ಮೊದಲು ಬಾಯಿಗಿ ಬರಲಿ. ಬಂದದ್ದು ನೋಡು. ಆಮ್ಯಾಲ ಒರಸು."

"ನೀವು ಒರಸಾದೇ ಬಿಟ್ಟಿದ್ರಲ್ಲ ಉಸ್ತಾದ್."

"ಮಾಲೀಕರಿಗಿ ಕರಿ ಬೆರಳೇ ಬೇಕಿತ್ತು. ನನಗ ನೌಕರಿ ಬೇಕಿತ್ತು."

ಬಲಗಡೆ ಹಿಂದಿನ ಬುಷ್ ತಮ್ಮಣ್ಣನಿಗೆ ಜಗ್ಗಲಿಲ್ಲ. ಹಲ್ಲು ಕಚ್ಚಿ, ಕಾಲು ಗಾಲಿಗೆ ಕೊಟ್ಟು ಎಳೆಯುತ್ತಿದ್ದ.

"ಉಲ್ಟಾ ತಿರಗಸೋ ಪೈಲ್ವಾನ್. ಅದರ ಸುತ್ತು ಎಡಗಡಿ" ಎಂದ ಮಜೀದಸಾಬ, ನೋಡದೆಯೇ.

"ನೀವು ಇಷ್ಟೊತ್ತು ಸುಮ್ಮ ಕುಂತಿದ್ರಲ್ರಿ!"

"ತಾಕತ್ತು ಎಷ್ಟದ ನೋಡ್ಲಿಕತ್ತಿದ್ದೆ."

ಓಡುವ ಜೀಪುಗಳ ಧೂಳು ಪ್ರತಿ ಸುತ್ತಿಗೂ ಇವರ ಮೇಲೆ ಬಂದು ಬೀಳುತ್ತಿತ್ತು. ಬಿಚ್ಚಿದ ಕೀಲುಗಳಿಗೆ ಚಾಂದ್ ತನ್ನ ಅಂಗಿ ತೆಗೆದು ಹೊದಿಸಿದ್ದ. ಹಿಂದಿನ ಬುಷ್‌ಗಳಲ್ಲಿ ಇನ್ನೊಂದು ಒಣಗಿತ್ತು. ಎಂಟರಲ್ಲಿ ಎರಡು. ಅವೆರಡಕ್ಕೂ ತನ್ನ ಚೀಲದಲ್ಲಿದ್ದ ಹೊಸ ಬುಷ್, ಹೊಸ ನಿಪ್ಪಲ್ ಹಾಕಿದ. ಈ ಸಲ ಬಟ್ಟೆ ಸುತ್ತಲಿಲ್ಲ. ಗನ್ನು ಒತ್ತಿ, ಕೀಲಿನ ಬಾಯಲ್ಲಿ ಗ್ರೀಸು ಕಾಣಿಸಿಕೊಳ್ಳುವವರೆಗೆ ಉಸಿರು ಹಿಡಿದು ನೋಡಿದ, ಆಮೇಲೆ ಒರೆಸಿದ.

ಕೆಲಸ ಮುಗಿದಾಗ ರೇಸು ಮುಗಿದು ತಾಸಾಗಿತ್ತು. ಗೆದ್ದವನ ಕೊರಳಲ್ಲಿ ಹಾರ ಬಾಡಿತ್ತು. ಜನ ಪೆಂಡಾಲಿನಲ್ಲಿ ಊಟಕ್ಕೆ ಕೂತಿದ್ದರು. ತಮ್ಮಣ್ಣ ಯಾರನ್ನೂ ಕೇಳದೆ ಜೀಪು ಹತ್ತಿ ಖಾಲಿ ಬಯಲಿಗೆ ಇಳಿಸಿದ.

ಹನ್ನೆರಡು ಸುತ್ತು. ಒಬ್ಬನೇ. ಮೊದಮೊದಲು ಕೆಲವರು ಎಲೆಯ ಮುಂದೆ ಕೂತೇ ಸಿಳ್ಳೆ ಹೊಡೆದರು. ಐದಾರು ಸುತ್ತಾದ ಮೇಲೆ ಸುಮ್ಮನಾದರು. ಖಣಿಯ ಅಂಚಿನ ತಿರುವಿನಲ್ಲಿ ತಗ್ಗುದಿಣ್ಣೆಗಳಿದ್ದವು. ಬೆಳಿಗ್ಗೆ ಅಲ್ಲಿ ಐದೂ ಜೀಪುಗಳು ಲಡಲಡ ಸದ್ದು ಮಾಡಿದ್ದವು. ಈ ಜೀಪು ದಿಣ್ಣೆ ಹತ್ತಿ ಇಳಿಯುವಾಗ ಟಾಯರು ನೆಲ ಮುಟ್ಟಿದ ಸದ್ದಷ್ಟೇ ಬರುತ್ತಿತ್ತು. ಚಾಂದ್ ಬರಿಮೈಯಲ್ಲಿ ಗೆರೆಯ ಪಕ್ಕ ನಿಂತು, ಪ್ರತಿ ಸಲ ಜೀಪು ತಿರುವಿಗೆ ಹೋದಾಗಲೂ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದ.

ಗುರುಲಿಂಗಪ್ಪ ಊಟ ಅರ್ಧಕ್ಕೆ ಬಿಟ್ಟು, ಎಂಜಲು ಕೈಯನ್ನು ದೂರ ಹಿಡಿದುಕೊಂಡು ಬಂದು ಅವನ ಪಕ್ಕ ನಿಂತ. ಹನ್ನೊಂದನೆಯ ಸುತ್ತು ಮುಗಿಯಿತು. ಹನ್ನೆರಡನೆಯದೂ ಮುಗಿಯಿತು.

"ಎರಡು ಲಾರಿ ಅವ" ಎಂದ, ಜೀಪಿನ ಕಡೆಯೇ ನೋಡುತ್ತ. "ಮಜೀದ ಗ್ರೀಸ್ ಹಾಕಿದ್ದು."

"ಗೊತ್ತದ ರಿ."

"ನಾಳಿಗಿ ಮೊದಲು ಅವು ನೋಡು. ಎಲ್ಲಾ ಬಿಚ್ಚು."

"ಎರಡು ದಿನ ಗಾಡಿ ನಿಲ್ತಾವ್ರಿ."

"ನಿಲ್ಲಲಿ. ಶೆಡ್ಡಿನ ಕುಣಿಯಾಗ ನಿಂತು ಮಾಡು" ಎಂದ ಗುರುಲಿಂಗಪ್ಪ. ಪೆಂಡಾಲಿನ ಕಡೆ ತಿರುಗಿ, ಮೂರು ಮಂದಿಗೆ ಊಟ ಇಲ್ಲಿಗೇ ಕಳಿಸಬೇಕೆಂದು ಅಡಿಗೆಯವನಿಗೆ ಕೂಗಿ ಹೇಳಿದ.

ಊಟ ಬಂದಾಗ ತಮ್ಮಣ್ಣ ಇಂಜಿನ್ನು ಆರಿಸಿದ್ದ. ಮಜೀದಸಾಬ ಚಪ್ಪಡಿಯ ಮೇಲೆ ಜಾಗ ಮಾಡಿಕೊಟ್ಟ. ಒಂದು ತಾಟಿನ ಮೇಲೆ ಇನ್ನೊಂದು ತಾಟು ಬೋರಲು ಹಾಕಿ ಚಾಂದ್‌ಗೆಂದು ಮುಚ್ಚಿಟ್ಟಿದ್ದರು. ಕೀಲುಗಳನ್ನು ಮತ್ತೊಮ್ಮೆ ನೋಡುತ್ತಿದ್ದ ಅವನ ಎರಡು ಕಾಲುಗಳಷ್ಟೇ ಜೀಪಿನ ಕೆಳಗಿಂದ ಹೊರಗೆ ಕಾಣುತ್ತಿದ್ದವು.