ಗುರುಬಾಯಿಯ ಖಣ, ನನ್ನ ಹೊಟ್ಟೆಯಲ್ಲಿ

ನಾನೊಂದು ಕಂಪ್ಯೂಟರ್. ಯಾವುದೋ ಕಾರ್ಖಾನೆಯಲ್ಲಿ ತಗಡು, ತಂತಿ ಕೂಡಿಸಿ ನನ್ನನ್ನು ಹುಟ್ಟಿಸಿದರು. ಬಾಗಲಕೋಟೆಯ ಕಾಲೇಜೊಂದರಲ್ಲಿ ಹುಡುಗರ ಗುದ್ದು ತಿಂದು, ಹರಾಜಿನಲ್ಲಿ ಗುಳೇದಗುಡ್ಡದ ಗುರುಬಾಯಿಯ ಕೈ ಸೇರಿದೆ. ಅವಳು ಕುಪ್ಪಸದ ಖಣಕ್ಕೆ ಚಿತ್ತಾರ ಬಿಡಿಸುವವಳು. ಅದನ್ನು ನೋಡಿ ರಟ್ಟಿಗೆ ತೂತು ಹೊಡೆದರೆ, ಆ ತೂತಿನ ಪ್ರಕಾರ ಮಗ್ಗ ನೇಯುತ್ತದೆ.

ನನ್ನೊಳಗೆ ಚಿತ್ತಾರದ ಸಾಫ್ಟ್‌ವೇರ್ ಹಾಕಿಸಿದಳು. ಒಮ್ಮೆ ಕೊಂಡರೆ ಕಡೆತನಕ ನಿಮ್ಮದೇ ಅಂದಿದ್ದರು. ಮಗಳು ಶಾಂಭವಿ ಹೊಟ್ಟೆಯಲ್ಲಿದ್ದಾಗ, ಹುಟ್ಟುವ ಕೂಸಿಗೆಂದು ತೊಟ್ಟಿಲು, ಗಿಳಿಯ ಖಣ ಬಿಡಿಸಿದಳು. ಆಮೇಲೆ ಹಳೆಯ ರಟ್ಟು, ಹಾಳೆಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದಳು. "ಎಲ್ಲಾ ಇದರ ಹೊಟ್ಟ್ಯಾಗ ಐತಿ," ಅಂದಳು. ನಾನು ಹಿಗ್ಗಿದೆ.

ಕೆಲವು ವರ್ಷಗಳ ಮೇಲೆ ಕಂಪನಿಯವರು ಸಾಫ್ಟ್‌ವೇರ್ ಹೊಸದಾಗಿಸಿಕೊಳ್ಳಿ ಅಂದರು. ಗುಂಡಿ ಒತ್ತಿದಳು. ಅಂದಿನಿಂದ ವರ್ಷವರ್ಷವೂ ಚಂದಾ. ಈ ಸಲ ಕಟ್ಟಲು ತಡವಾಯಿತು. ಚಿತ್ತಾರಗಳಿಗೆಲ್ಲ ಬೀಗ ಬಿತ್ತು. ಬೇರೆ ಯಾವ ಸಾಫ್ಟ್‌ವೇರಿಗೂ ಅವು ತೆರೆಯುವುದಿಲ್ಲ.

ನೇಕಾರ ರಾಚಪ್ಪ ಬಾಗಿಲಿಗೆ ಬಂದು ನಿಂತ. "ಏನವಾ ಗುರಬಾಯಿ, ಮಗ್ಗ ಉಪಾಸ ಬಿದ್ದೈತಿ. ನಿನ್ನ ಡಬ್ಬಿ ಮುನಿಸ್ಕೊಂಡೈತೇನ?"

ಅವಳು ಫೋನಿನಲ್ಲಿ ಕಂಪನಿಯ ಹುಡುಗಿಗೆ ಹೇಳುತ್ತಿದ್ದಳು: "ತಂಗಿ, ಬಿಡಿಸಿದಾಕಿ ನಾನು. ಖಣಾ ಮಾರಿದ ಮ್ಯಾಲ ನಾ ವರ್ಷಾ ವರ್ಷಾ ಬಂದು, ರೊಕ್ಕಾ ಕೊಡು ಇಲ್ಲಾ ಕುಪ್ಪಸ ಬಿಚ್ಚು ಅಂತೀನೇನು?"

ಹುಡುಗಿಗೆ ನಗು ತಡೆಯಲಿಲ್ಲ. "ರೂಲ್ಸ್ ಹಾಗಿದೆ ಮೇಡಂ, ನಾನೇನ್ ಮಾಡ್ಲಿ?"

ಒಂದು ತಿಂಗಳಿಗಷ್ಟೇ ಕಟ್ಟಿದಳು. ಬೀಗ ತೆರೆಯಿತು. ಪ್ರಿಂಟಿಗೆ ಬೇರೆ ದರ; ತೆರೆಯ ಫೋಟೊ ತೆಗೆದರೆ ಅದರಲ್ಲಿ ಎಳೆ ಎಣಿಸಲಾಗದು. ಮತ್ತೆ ಬೀಗ ಬೀಳುವ ಮೊದಲೇ ಎಂದು, ನನ್ನ ತೆರೆ ನೋಡಿಕೊಂಡು ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬತೊಡಗಿದಳು. ಒಲೆಯ ಮೇಲೆ ಸಾರು ಉಕ್ಕಿದರೂ ಏಳಲಿಲ್ಲ. ಬಿಸಿಯಾಗಿ ನಾನೆಲ್ಲಿ ನಿಂತುಬಿಡುವೆನೋ ಎಂದು ನನಗೆ ನಡುಕ.

"ಅವ್ವಾ, ನಂದು ಯಾವಾಗ?" ಶಾಂಭವಿ ಕೇಳಿದಳು.

"ಮದ್ಲ ಮಗ್ಗದವರದು. ನಿಂದೇನ್ ಓಡಿ ಹೋಗ್ತೈತೇನ? ಕಡೀಗೆ ತಗಿಯೂಣು."

ಕಡೆಗೆ ಅದನ್ನೂ ತೆರೆದಳು. ತೊಟ್ಟಿಲು ಮುಗಿದು, ಗಿಳಿಯ ಕೊಕ್ಕು ಮೂಡಿತ್ತು. ನನ್ನ ತೆರೆ ಬಿಳುಚಿತು. ತಿಂಗಳು ಮುಗಿಯಿತು, ಇನ್ನು ಮುಂದೆ ವರ್ಷದ ಚಂದಾ ಮಾತ್ರ ಎಂಬ ಅಕ್ಷರಗಳು ಬಂದವು. ತಡೆಯಲು ನೋಡಿದೆ, ಆಗಲಿಲ್ಲ. ವರ್ಷದ್ದು ಕಟ್ಟುವಷ್ಟು ರೊಕ್ಕ ಅವಳಲ್ಲಿರಲಿಲ್ಲ.

"ನೆನಪ್ಲೆ ಬಿಡಸವ್ವಾ," ಅಂದಳು ಶಾಂಭವಿ.

"ಆವಾಗಿನ ಕೈ ಈಗ ಎಲ್ಲೈತಿ?"

ಈಗ ಮೂಲೆಯಲ್ಲಿದ್ದೇನೆ. ರಾಚಪ್ಪನ ಮಗ್ಗದ ಸದ್ದು ಕೇಳುತ್ತದೆ. ನನ್ನೊಳಗೇನೋ ಕಿರುಗುಡುತ್ತದೆ, ನಾನು ಕೆಟ್ಟರೆ ಗಿಳಿಯೂ ಹೋದೀತು. ಗುರುಬಾಯಿ ಒಮ್ಮೊಮ್ಮೆ ಸೆರಗಿನಿಂದ ನನ್ನ ದೂಳು ಒರೆಸುತ್ತಾಳೆ. ಆಗ ಅವಳ ಬೆರಳಿಗೂ ಆ ಗಿಳಿಗೂ ನಡುವೆ ಇರುವುದು ಒಂದು ತೆಳು ತಗಡು. ಅದು ನಾನೇ.