ಖಾಲಿ ಕ್ಯಾರಿಯರ್

ನಾನು ಮೂರು ಡಬ್ಬಿಗಳ ಸ್ಟೀಲ್ ಕ್ಯಾರಿಯರ್. ಹುಟ್ಟಿದ್ದು ಎಲ್ಲೋ ಕಾರ್ಖಾನೆಯಲ್ಲಿ, ಹೆಸರು ಬಿದ್ದದ್ದು ಮಂಡ್ಯದ ಪಾತ್ರೆ ಅಂಗಡಿಯಲ್ಲಿ. ಕಮಲಾಕ್ಷಿಯ ಮದುವೆಗೆಂದು ನನ್ನನ್ನು ಕೊಂಡಾಗ ಅಂಗಡಿಯವನು ಮುಚ್ಚಳದ ಮೇಲೆ ಅವಳ ಗಂಡನ ಹೆಸರು ಕೊರೆದ: ತಿಮ್ಮೇಗೌಡ. ಕೊರೆಯುವಾಗ ಜೀವ ಹೋದಂತಾಯಿತು. ಆಮೇಲೆ ಅದೇ ನನ್ನ ಜಂಬವಾಯಿತು.

ತಿಮ್ಮೇಗೌಡ ಸಕ್ಕರೆ ಕಾರ್ಖಾನೆಯ ಫಿಟ್ಟರ್. ಟಾಂಜಾನಿಯಾದಲ್ಲೂ ಅಂಥದೇ ಕೆಲಸ ಸಿಕ್ಕಿ ಗಂಡಹೆಂಡಿರು ಹೊರಟಾಗ ನಾನೂ ಹೋದೆ. ಪಕ್ಕದ ಮನೆ ಮಾಮಾ ರೆಹೇಮಾಳದು. ರೆಹೇಮಾ ಅವಳ ಹಿರಿಮಗಳು. ಆ ಸೀಮೆಯಲ್ಲಿ ಮಾಮಾ ಅಂದರೆ ಅಮ್ಮ, ತಾಯಿಯನ್ನು ಮಗುವಿನ ಹೆಸರು ಸೇರಿಸಿಯೇ ಕರೆಯುತ್ತಾರೆ. ಯುಗಾದಿಗೆ ಕಮಲಾಕ್ಷಿ ನನ್ನೊಳಗೆ ಒಬ್ಬಟ್ಟಿಟ್ಟು ಕಳಿಸಿದಳು. ಬೇಯಿಸಿದ ಬಾಳೆಕಾಯಿ ಹೊತ್ತು ಮರಳಿದೆ. ಭಾಷೆ ಬಾರದ ಇಬ್ಬರು ಹೆಂಗಸರ ಮಾತೆಲ್ಲ ಹೀಗೆ ನನ್ನ ಹೊಟ್ಟೆಯಲ್ಲೇ ಹೋಗಿಬರತೊಡಗಿತು.

ಒಂದು ಸೋಮವಾರ ತಿಮ್ಮೇಗೌಡನಿಗೆ ಜ್ವರ ಬಂತು. "ಬಾಯ್ಲರ್ ಹತ್ರ ನಿಂತು ನಿಂತು ಉಷ್ಣ ಆಗ್ಬುಟ್ಟದೆ ಕಣೆ. ನೆತ್ತಿಗೆ ಹರಳೆಣ್ಣೆ ತಟ್ಟು" ಎಂದ. ಅವಳು ತಟ್ಟಿದಳು, ಮಜ್ಜಿಗೆ ಕುಡಿಸಿದಳು. ಹಿಂದಿನ ದಿನವಷ್ಟೇ ಮಾಮಾಳ ಬಾಳೆಕಾಯಿ ತಂದಿದ್ದ ನಾನು ತೊಳೆಸಿಕೊಂಡು ಗೂಡಿನಲ್ಲಿ ಕೂತಿದ್ದೆ. ಈ ಸಲ ತುಂಬಿ ಕಳಿಸುವ ಸರದಿ ಕಮಲಾಕ್ಷಿಯದು. ಮಂಗಳವಾರ ಕಮಲಾಕ್ಷಿ ನನ್ನನ್ನು ಕೈಗೆತ್ತಿಕೊಂಡು ಬಾಗಿಲವರೆಗೂ ಹೋದಳು, ಮತ್ತೆ ತಂದಿಟ್ಟಳು. "ಅಡುಗೆನೇ ಮಾಡಿಲ್ಲ. ಖಾಲಿ ಡಬ್ಬಿ ಹೆಂಗೆ ಕೊಟ್ಟು ಬರದು, ಏನಂದ್ಕೊಂಡಾರು" ಎಂದು ಗೊಣಗಿದಳು. ಬುಧವಾರವೂ ಅಷ್ಟೇ. ನನಗೆ ನಾಲಿಗೆಯಿದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದೆ.

ಗುರುವಾರ ಮಾಮಾಳೇ ಬಂದಳು. ನಾಲ್ಕು ದಿನವಾದರೂ ನಾನು ಬಾರದ್ದು ಕಂಡು ಅವಳಿಗೆ ಅನುಮಾನ. ತಿಮ್ಮೇಗೌಡನ ಹಳದಿ ಕಣ್ಣು ನೋಡಿದವಳೇ "ಮಲೇರಿಯಾ" ಎಂದು ಬೀದಿಗೆ ಓಡಿದಳು. ಕೇರಿಯವರು ಅವನನ್ನು ಹಾಸಿಗೆಸಮೇತ ಕಬ್ಬಿನ ಟ್ರ್ಯಾಕ್ಟರಿಗೆ ಎತ್ತಿ ಆಸ್ಪತ್ರೆಗೆ ಒಯ್ದರು. ಇಬ್ಬರು ರಕ್ತ ಕೊಟ್ಟರು. "ಎರಡು ದಿನ ಮೊದಲು ತರಬೇಕಿತ್ತು" ಎಂದರು ಡಾಕ್ಟರು.

ಮಾಮಾ ಎರಡು ಹೊತ್ತೂ ನನ್ನ ತುಂಬ ಗಂಜಿ ತಂದಳು. ಕಮಲಾಕ್ಷಿ ರುಚಿ ನೋಡಿ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ರಾಗಿ ಗಂಜಿ ಕಣ್ರೀ, ನಮ್ದೇ. ಒಂದು ಗುಟುಕು ಕುಡೀರಿ." ಅವನು ಒಂದು ಗುಟುಕು ಕುಡಿದ. ಎರಡನೆಯದು ಗಂಟಲಿಗೆ ಇಳಿಯಲಿಲ್ಲ.

ಹೆಣವನ್ನು ಊರಿಗೆ ಒಯ್ಯಲಾಗಲಿಲ್ಲ. ಕೇರಿಯ ಗಂಡಸರೇ ಗುಂಡಿ ತೋಡಿದರು. ಹನ್ನೊಂದು ದಿನ ಕಮಲಾಕ್ಷಿಯ ಒಲೆ ಉರಿಯಲಿಲ್ಲ. ಅಕ್ಕಪಕ್ಕದವರು ಸರದಿಯ ಮೇಲೆ ತಂದು ಉಣ್ಣಿಸಿದರು. ಊರಿಗೆ ಹೊರಟ ದಿನ ಅವಳು ನನ್ನನ್ನು ಒರೆಸಿ ಮಾಮಾಳ ಕೈಗಿಟ್ಟಳು.

"ಖಾಲಿನೇ ಕೊಡ್ತಾ ಇವ್ನಿ ಕಣಕ್ಕ, ತಪ್ಪು ತಿಳ್ಕೋಬೇಡ."

ಮಾಮಾಳಿಗೆ ಮಾತು ತಿಳಿಯಲಿಲ್ಲ. "ಪೋಲೆ" ಎಂದಳು, ನೊಂದವರಿಗೆ ಇಲ್ಲಿ ಹೇಳುವ ಮಾತು ಅದೊಂದೇ.

ಈಗ ನನ್ನ ಕೊಂಡಿ ಮುರಿದಿದೆ, ತಂತಿ ಬಿಗಿದಿದ್ದಾರೆ. ಮುಚ್ಚಳದ ಹೆಸರನ್ನು ಇಲ್ಲಿ ಓದುವವರಿಲ್ಲ, ಹೂಬಳ್ಳಿ ಅಂದುಕೊಂಡಿದ್ದಾರೆ. ಕೇರಿಯಲ್ಲಿ ಯಾರು ಹಾಸಿಗೆ ಹಿಡಿದರೂ ಗಂಜಿ ಹೊತ್ತು ಹೋಗುತ್ತೇನೆ, ಖಾಲಿಯಾಗಿ ಬರುತ್ತೇನೆ. ಮಾಮಾ ಏನೂ ಅಂದುಕೊಳ್ಳುವುದಿಲ್ಲ. ಅವಳು ಯಾವತ್ತೂ ಅಂದುಕೊಂಡವಳೇ ಅಲ್ಲ. ಆ ಮಂಗಳವಾರ ಒಂದು ಸಲ ಹೀಗೆ ಖಾಲಿಯಾಗಿಯೇ ಅವಳ ಬಾಗಿಲಿಗೆ ಬಂದಿದ್ದರೆ ಸಾಕಿತ್ತು.